ಹೈದರಾಬಾದ್–ಲಂಡನ್: ಹೋಗಾಕ 6 ತಾಸು, ಬರಾಕ 14 ತಾಸು ಹೆಂಗ್ರಿ?

ರಾಯಚೂರು ಹತ್ತಿ:
ಜುಲೈ ಟಿಕೆಟ್, ಸೀದಾ ವಿಮಾನ. ಹೈದರಾಬಾದ್ ಬಿಡೋದು ಬೆಳಿಗ್ಗೆ 7:30, ಲಂಡನ್ ಮುಟ್ಟೋದು ಅವತ್ತೇ ಮಧ್ಯಾಹ್ನ 1:30. ಬರುವಾಗ ಮಧ್ಯಾಹ್ನ 2ಕ್ಕ ಬಿಟ್ಟು ಮರುದಿನ ನಸುಕಿನ 4ಕ್ಕ ಇಳಿಸ್ತೈತಿ. ದೂರ ಒಂದೇ ಅಲ್ಲೇನ್ರಿ? ಎಷ್ಟು ಕಿ.ಮೀ.?

ಮಾನ್ವಿ ಮಾಸ್ತರ:
6ನೂ ಅಲ್ಲ, 14ನೂ ಅಲ್ಲ. ಟಿಕೆಟ್‌ನಾಗ ಆಯಾ ಊರಿನ ಗಡಿಯಾರದ ಹೊತ್ತು ಹಾಕಿರ್ತಾರ. ಎರಡನ್ನೂ ನಮ್ಮ ಟೈಮಿಗೆ ತಂದು ಆಮೇಲೆ ಕಳೀರಿ. ಜುಲೈದಾಗ ಲಂಡನ್ ನಮಗಿಂತ 4:30 ತಾಸು ಹಿಂದ. ಅಲ್ಲಿ 1:30 ಅಂದ್ರ ಇಲ್ಲಿ ಸಂಜಿ 6:00. ಹೋಗಾಕ 10:30 ತಾಸು ಆಯ್ತು. ಅಲ್ಲಿ 2:00 ಅಂದ್ರ ಇಲ್ಲಿ 6:30, ಅಲ್ಲಿಂದ ನಸುಕಿನ 4ರ ತನ ಬರೇ 9:30. ಉದ್ದ ಅನಿಸಿದ್ದೇ ಗಿಡ್ಡ ನೋಡ್ರಿ!

ಅಕ್ಟೋಬರ್ ಕಡೀ ಭಾನುವಾರ ಅವರು ಗಡಿಯಾರ ಒಂದು ತಾಸು ಹಿಂದಕ್ಕ ತಿರುವ್ತಾರ. ಅಲ್ಲಿಂದ ಮಾರ್ಚ್ ಕಡೀ ಭಾನುವಾರದ ತನ ಅಂತರ 5:30 ಹಿಡೀಬೇಕು.

ತುಂಗಭದ್ರಾ ದಂಡಿ:
ದೂರ ಸುಮಾರು 7,750 ಕಿ.ಮೀ. ಗ್ವಾಡಿ ನಕಾಶೆ ಮ್ಯಾಲೆ ಸ್ಕೇಲ್ ಇಟ್ಟು ಅಳೀಬ್ಯಾಡ್ರಿ, ಮೋಸ ಹೋಗ್ತೀರಿ. ರೇಖಾಂಶದ ಒಂದು ಡಿಗ್ರಿ ರಾಯಚೂರಿನಾಗ ಸುಮಾರು 107 ಕಿ.ಮೀ. ಇದ್ದದ್ದು ಲಂಡನ್ ಹಂತ್ಯಾಕ 69ಕ್ಕ ಇಳೀತೈತಿ, ನಕಾಶೆದಾಗ ಮಾತ್ರ ಎರಡೂ ಒಂದೇ ಅಗಲ. ಸಾಲಿ ಗ್ಲೋಬ್ ತಗೊಂಡು ಎರಡೂ ಊರಿನ ನಡುವ ನೂಲು ಬಿಗಿಯಾಗಿ ಎಳೀರಿ (ನೂಲಿಗೆ ನಮ್ಮಲ್ಲೇನು ಬರ?). 30 ಸೆಂ.ಮೀ. ಅಡ್ಡಗಲದ ಗ್ಲೋಬ್ ಆದ್ರ ಒಂದು ಸೆಂ.ಮೀ.ಗೆ 425 ಕಿ.ಮೀ.; ನೂಲು 18 ಸೆಂ.ಮೀ. ಮ್ಯಾಲೆ ಒಂದು ಚೂರು ಬರ್ತೈತಿ.

ಆ ನೂಲು ಪಾಕಿಸ್ತಾನ, ಅಫ್ಘಾನಿಸ್ತಾನ, ಕ್ಯಾಸ್ಪಿಯನ್ ಸಮುದ್ರ, ಉಕ್ರೇನ್ ಮ್ಯಾಲೆ ಹಾಯ್ತೈತಿ. ಉಕ್ರೇನ್ ಆಕಾಶ 2022ರ ಫೆಬ್ರವರಿಯಿಂದ ಬಂದ್, ಅದಕ್ಕ ವಿಮಾನ ಸುತ್ತು ಹಾಕಬೇಕು. ಮತ್ತ 9–12 ಕಿ.ಮೀ. ಎತ್ತರದಾಗ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕ ಬೀಸ್ತೈತಿ. ಗಾಳಿಯೊಳಗ ವಿಮಾನದ ವೇಗ ತಾಸಿಗೆ 900 ಕಿ.ಮೀ. ಅನ್ರಿ, ಹೋಗುವಾಗ 80ರ ಎದುರುಗಾಳಿ ಸಿಕ್ರ ನೆಲದ ಲೆಕ್ಕಕ್ಕ 820. ಅಷ್ಟಕ್ಕೇ ಒಂಬತ್ತೂವರೆ ತಾಸು ಬೇಕು. ಸುತ್ತು, ರನ್‌ವೇಗೆ ಉರುಳೋದು, ಏರೋದು, ಇಳಿಯೋದು ಸೇರಿದ್ರ 10:30. ಬರುವಾಗ ಅದೇ ಗಾಳಿ ಬೆನ್ನಿಗೆ.

ರಾಯಚೂರು ಹತ್ತಿ:
ದುಬೈ ಮ್ಯಾಲೆ ಹೋದ್ರ ರೊಕ್ಕ ಉಳಿತೈತಿ. ದೂರ ಬಾಳ ಆಗ್ತೈತೇನ್ರಿ?

ಮಾನ್ವಿ ಮಾಸ್ತರ:
ದುಬೈತನ 2,550, ಅಲ್ಲಿಂದ 5,500. ಹೆಚ್ಚಾಗೋದು 300 ಕಿ.ಮೀ. ಅಷ್ಟೇ. ಹೊತ್ತು ತಿನ್ನೋದು ನಡುವೆ ಕಾಯೋದು. ಟಿಕೆಟ್ ಮಾತ್ರ ಒಂದೇ ಪಿಎನ್ಆರ್‌ನಾಗ ಇರ್ಲಿ. ಬೇರೆ ಬೇರೆ ತಗೊಂಡ್ರ ಲಗೇಜ್ ಲಂಡನ್‌ತನ ಹೋಗೋ ಖಾತ್ರಿ ಇಲ್ಲ, ದುಬೈದಾಗ ಹೊರಗ ಹೋಗಿ ತಗೊಳ್ಳೋ ಪ್ರಸಂಗ ಬಂದ್ರ ವೀಸಾ ಕೇಳ್ತಾರ. ಮೊದಲನೇ ವಿಮಾನ ತಡ ಆಗಿ ಎರಡನೇದು ತಪ್ಪಿದ್ರ ಆ ರೊಕ್ಕಾನೂ ಹೋದಂಗ.

ತುಂಗಭದ್ರಾ ದಂಡಿ:
ಶಂಶಾಬಾದ್ ವಿಮಾನ ನಿಲ್ದಾಣ ಹೈದರಾಬಾದ್ ಊರಿಗಿಂತ ಮೊದ್ಲೇ ಸಿಗ್ತೈತಿ. ಜಡ್ಚರ್ಲಾ, ಶಾದ್‌ನಗರ ದಾಟಿದ ಮ್ಯಾಲೆ ಟ್ರಾಫಿಕ್‌ನಾಗ ಸಿಗಬೀಳೋ ಕೆಲಸ ಇಲ್ಲ. 7:30ರ ವಿಮಾನಕ್ಕ 4:30ಕ್ಕ ಅಲ್ಲಿರಬೇಕು. ರಸ್ತೆಗೆ ನಾಲ್ಕು ತಾಸು, ಚಾ–ಪಂಕ್ಚರ್ ಅಂತ ಮತ್ತೊಂದು ತಾಸು ಹಿಡಿದು ರಾಯಚೂರು ರಾತ್ರಿ 11:30ಕ್ಕ ಬಿಡ್ರಿ.