ಏತ ನೀರಾವರಿಯ ಪರಿಸರ ವರದಿಯಲ್ಲಿ ಬಸಿಗಾಲುವೆಯ ಲೆಕ್ಕವೆಲ್ಲಿ?

ಪ್ರಶ್ನೆ – ಎರೆಹೊಲ:
ನಮ್ಮ ಭಾಗದ ಏತ ನೀರಾವರಿ ಯೋಜನೆಯ ಪರಿಸರ ಸಾರ್ವಜನಿಕ ಆಲಿಕೆಗೆ ದಿನ ಗೊತ್ತಾಗಿದೆ. ಕರಡು ವರದಿಯ ಕನ್ನಡ ಸಾರಾಂಶದಲ್ಲಿ ಅರಣ್ಯ, ಮುಳುಗಡೆ, ಕಾಮಗಾರಿಯ ದೂಳು ಎಲ್ಲಕ್ಕೂ ಪುಟಗಳಿವೆ. ನೀರು ಬಂದ ಮೇಲೆ ನಮ್ಮ ಎರೆ ಹೊಲಗಳ ಗತಿಯೇನು ಎಂಬುದಕ್ಕೆ ಮಾತ್ರ ‘ಇಳುವರಿ ಹೆಚ್ಚಲಿದೆ’ ಎಂಬ ಒಂದೇ ಸಾಲು. ನೀರು ನಮಗೂ ಬೇಕು, ಯೋಜನೆಯನ್ನು ವಿರೋಧಿಸುವ ಉದ್ದೇಶವಿಲ್ಲ. ಆಲಿಕೆಯಲ್ಲಿ ಏನು ಕೇಳಬೇಕು?

ಉತ್ತರ – ಎಡದಂಡೆಯವ:
ತುಂಗಭದ್ರಾ ಎಡದಂಡೆಯ ಅಚ್ಚುಕಟ್ಟಿನವನಾಗಿ ಹೇಳುತ್ತಿದ್ದೇನೆ. ಇಲ್ಲಿ ಬಹುಪಾಲು ನೀರನ್ನು ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೆಂದು ಹಂಚಲಾಗಿತ್ತು. ಕಾಲುವೆಯ ಮೇಲ್ಭಾಗದವರು ಭತ್ತ ನಾಟಿ ಮಾಡಿದರು, ಕೊನೆ ಭಾಗದವರು ನೀರಿಗಾಗಿ ಕಾಯುತ್ತ ಕುಳಿತರು. ಎರೆ ಮಣ್ಣಿನಲ್ಲಿ ನೀರು ಬೇಗ ಬಸಿಯದ ಕಾರಣ ತಗ್ಗಿನ ಹೊಲಗಳು ಸವಳು-ಜವಳಾದವು. ಬೇಸಿಗೆಯಲ್ಲಿ ಅಂಥ ಹೊಲದಲ್ಲಿ ನಿಂತರೆ ಮೇಲೆ ಸುಣ್ಣ ಎರಚಿದಂತೆ ಬಿಳಿ ಉಪ್ಪು, ಒಂದು ಮೊಳ ಅಗೆದರೆ ಕೆಸರು. ಆದ್ದರಿಂದ ಬೇಸಿಗೆಯ ಕೊನೆಗೆ ಮತ್ತು ಮಳೆಗಾಲ ಮುಗಿದ ಮೇಲೆ ನಿಮ್ಮೂರ ಬಾವಿಗಳ ನೀರಿನ ಮಟ್ಟ ಎಷ್ಟಿತ್ತು, ಮಣ್ಣಿನ ಲವಣಾಂಶ ಎಷ್ಟು, ಹೊಲದ ಹೆಚ್ಚುವರಿ ನೀರನ್ನು ಹೊರಗೆ ಸಾಗಿಸುವ ಬಸಿಗಾಲುವೆಗಳ ನಕ್ಷೆ ಮತ್ತು ಅಂದಾಜು ವೆಚ್ಚ ವರದಿಯ ಯಾವ ಪುಟದಲ್ಲಿದೆ ಎಂದು ಕೇಳಿ.

ಉತ್ತರ – ಹಳೆಯ ಇಂಜಿನಿಯರ್:
ಭತ್ತ ಹಾಕಿದವರು ರೈತರೇ ಅಲ್ಲವೇ? ಅದಕ್ಕೆ ವರದಿ ಬರೆದವರನ್ನು ದೂರುವುದು ಪೂರ್ತಿ ನ್ಯಾಯವಲ್ಲ.

ಉತ್ತರ – ಎಡದಂಡೆಯವ:
ಒಪ್ಪುತ್ತೇನೆ ಸರ್. ಆದರೆ ನೀರು ಕಂಡ ರೈತ ಭತ್ತ ಹಾಕಿಯೇ ಹಾಕುತ್ತಾನೆ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಕಾಗದದ ಮೇಲಿನ ಬೆಳೆ ಪದ್ಧತಿಯನ್ನೇ ನಂಬಿ ಮಾಡಿದ ಅಂದಾಜು ಅಂದಾಜೇ ಅಲ್ಲ.

ಉತ್ತರ – ಕಾನೂನು ಓದುಗ:
ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯ ಪ್ರಕಾರ ಆಲಿಕೆಯ ಕೊನೆಯಲ್ಲಿ ಜನರ ಆಕ್ಷೇಪಗಳ ಸಾರಾಂಶವನ್ನು ಸಭೆಗೆ ಓದಿ, ಸ್ಥಳೀಯ ಭಾಷೆಯಲ್ಲಿ ವಿವರಿಸಬೇಕು. ನಡಾವಳಿಗೆ ಅಧ್ಯಕ್ಷತೆ ವಹಿಸಿದ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅದೇ ದಿನ ಸಹಿ ಮಾಡಬೇಕು. ಓದುವ ತನಕ ಜಾಗ ಬಿಟ್ಟು ಏಳಬೇಡಿ, ಲಿಖಿತ ಮನವಿಯನ್ನೂ ಕೊಡಿ. ‘ಬಸಿಗಾಲುವೆಯನ್ನು ಮುಂದೆ ಆಧುನೀಕರಣದಲ್ಲಿ ಸೇರಿಸುತ್ತೇವೆ’ ಎಂಬ ಉತ್ತರ ಬಂದರೆ ಮಾತ್ರ ಸುಮ್ಮನಾಗಬೇಡಿ: ಅದೇ ಅಧಿಸೂಚನೆ ನೀರಾವರಿ ಯೋಜನೆಗಳ ಆಧುನೀಕರಣಕ್ಕೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದೆ. ಆಗ ನಿಮ್ಮನ್ನು ಯಾರೂ ಕರೆದು ಕೇಳಬೇಕಾಗಿಲ್ಲ.