ಜನವರಿಯಲ್ಲಿ ಬಫಲೋಗೆ ಬಾಣಂತನಕ್ಕೆ ಹೊರಟಿದ್ದೇವೆ: ಭಾರಿ ಹಿಮದ ದಿನಗಳಲ್ಲಿ ಮನೆ, ನೆರೆಹೊರೆ ಹೇಗಿರುತ್ತದೆ?

ವಿದ್ಯಾನಗರದ ಮೇಷ್ಟ್ರು, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ವಿದ್ಯಾನಗರದಲ್ಲಿ ವಾಸವಾಗಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ವಯಸ್ಸು 64; ಎಂಟು ವರ್ಷಗಳಿಂದ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಅದು ಬಿಟ್ಟರೆ ಆರೋಗ್ಯ ಚೆನ್ನಾಗಿದೆ. ಮಗಳು ಮತ್ತು ಅಳಿಯ ಅಮೆರಿಕದ ಬಫಲೋ ನಗರದ ಹೊರವಲಯದಲ್ಲಿ ಮನೆ ಮಾಡಿಕೊಂಡು ಎರಡು ವರ್ಷವಾಯಿತು. ಮಗಳಿಗೆ ಚೊಚ್ಚಲ ಹೆರಿಗೆ. ವೈದ್ಯರು ಜನವರಿ ಕೊನೆಯ ವಾರದ ದಿನ ಕೊಟ್ಟಿದ್ದಾರೆ. ಬಾಣಂತನಕ್ಕೆಂದು ನಾನೂ ನಮ್ಮ ಮನೆಯವರೂ ಜನವರಿ ಮೊದಲ ವಾರವೇ ಹೊರಟು, ಮಾರ್ಚ್ ಮುಗಿಯುವವರೆಗೆ ಅಲ್ಲಿರಬೇಕೆಂದುಕೊಂಡಿದ್ದೇವೆ.

ಮೊನ್ನೆ ಮಗಳು ವಿಡಿಯೊ ಕರೆಯಲ್ಲಿ ಮುಂಬಾಗಿಲು ತೆರೆದು ತೋರಿಸಿದಳು. ಹೊಸ್ತಿಲಿನಾಚೆ ಮೊಣಕಾಲೆತ್ತರದ ಬಿಳಿ ಗೋಡೆ ನಿಂತಿತ್ತು. ಬಾಗಿಲಿನ ಹಲಗೆಯ ಗೆರೆಗಳು ಆ ಹಿಮದ ಮೇಲೆ ಅಚ್ಚೊತ್ತಿದಂತೆ ಮೂಡಿದ್ದವು. ನಮ್ಮ ಕಡೆಯವರಿಗೆ ಆಕಾಶದಿಂದ ಗಡ್ಡೆ ಬೀಳುವುದೆಂದರೆ ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಆಲಿಕಲ್ಲು ಮಾತ್ರ. ಅದು ತಗಡಿನ ಶೀಟಿನ ಮೇಲೆ ಹತ್ತು ನಿಮಿಷ ಸದ್ದು ಮಾಡಿ ಕರಗಿಹೋಗುತ್ತದೆ. ಇದು ಕರಗುವ ಜಾತಿಯಲ್ಲ ಎಂದು ನೋಡಿದ ಕೂಡಲೇ ತಿಳಿಯಿತು.

ಸ್ವೆಟರು, ಬೂಟುಗಳ ವಿಷಯವನ್ನು ಹೇಳುವವರು ಬಹಳ ಜನ ಸಿಕ್ಕಿದ್ದಾರೆ. ನನಗೆ ತಿಳಿಯಬೇಕಾಗಿರುವುದು ಬೇರೆ. ಮೂರು ನಾಲ್ಕು ದಿನ ಎಡೆಬಿಡದೆ ಹಿಮ ಬಿದ್ದಾಗ ಮನೆಯೊಳಗಿನ ದಿನ ಹೇಗೆ ಸಾಗುತ್ತದೆ? ಅದೇ ಹೊತ್ತಿಗೆ ಹೆರಿಗೆ ನೋವು ಬಂದರೆ ಏನು ಮಾಡುವುದು? ಹಿಮ ತೆಗೆಯುವ ಕೆಲಸದಲ್ಲಿ ಅಳಿಯನಿಗೆ ನಾನು ಕೈಜೋಡಿಸಬಹುದೇ? ನಮ್ಮ ಮನೆಯವರ ಚಿಂತೆ ಇನ್ನೊಂದು. ಇಲ್ಲಿ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವಾಗಲೇ ಎದುರು ಮನೆಯವರೊಂದಿಗೆ ಮಾತು ಶುರುವಾಗುತ್ತದೆ. ಅಲ್ಲಿ ವಾರಗಟ್ಟಲೆ ಒಂದು ಮುಖವೂ ಕಾಣದೆ ಇರುವುದು ಹೇಗೆ ಎಂದು ಕೇಳುತ್ತಾರೆ. ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಹೊಳಲ್ಕೆರೆ ರಸ್ತೆಯ ಅಜ್ಜಿ, ಚಿತ್ರದುರ್ಗ:

ಮೇಷ್ಟ್ರೇ, ನಾನು ಇಬ್ಬರು ಹೆಣ್ಣುಮಕ್ಕಳ ಬಾಣಂತನಕ್ಕೆ ಎರಡು ಚಳಿಗಾಲ ಅದೇ ಬಫಲೋ ಕಡೆ ಇದ್ದು ಬಂದವಳು. ನಿಮ್ಮ ಮನೆಯವರ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಉಳಿದೆಲ್ಲಕ್ಕೂ ಅದೇ ತಳಪಾಯ ಎಂದು ನನಗೆ ಅಲ್ಲಿ ಅರ್ಥವಾಯಿತು.

ಅಲ್ಲಿ ಮಾಮೂಲಿ ದಿನಗಳಲ್ಲಿ ನೆರೆಯವರು ಕಾಣುವುದಿಲ್ಲ, ನಿಜ. ಗ್ಯಾರೇಜಿನ ಬಾಗಿಲು ಮೇಲೇಳುತ್ತದೆ, ಕಾರು ಹೋಗುತ್ತದೆ, ಬಾಗಿಲು ಕೆಳಗಿಳಿಯುತ್ತದೆ, ಅಷ್ಟೇ. ಆದರೆ ಭಾರಿ ಹಿಮ ಬಿದ್ದು ನಿಂತ ಬೆಳಿಗ್ಗೆ ಬೀದಿಯ ಅಷ್ಟೂ ಮನೆಯವರು ಸಲಿಕೆ ಹಿಡಿದು ಒಟ್ಟಿಗೇ ಹೊರಗೆ ಬರುತ್ತಾರೆ. ನಾವು ಅಂಗಳ ಗುಡಿಸುತ್ತಾ ಮಾತಾಡುವ ಹಾಗೆ ಅವರು ಹಿಮ ತಳ್ಳುತ್ತಾ ಮಾತಾಡುತ್ತಾರೆ. ರಾತ್ರಿ ಎಷ್ಟು ಬಿತ್ತು, ಕರೆಂಟು ಹೋಗಿತ್ತೇ, ಪಕ್ಕದ ಮನೆಯ ವೃದ್ಧೆಯನ್ನು ಯಾರಾದರೂ ವಿಚಾರಿಸಿದರೇ ಎಂಬ ಮಾತುಗಳೇ ಅಲ್ಲಿಯೂ ನಡೆಯುವುದು. ಬಫಲೋ ನಗರದಲ್ಲಿ ಮನೆಯೆದುರಿನ ಕಾಲುದಾರಿಯ ಹಿಮ ತೆಗೆಯುವ ಹೊಣೆ ಮನೆಯವರದ್ದೇ ಆದ್ದರಿಂದ, ವಯಸ್ಸಾದವರ ಮನೆಯ ಮುಂದಿನದನ್ನು ಪಕ್ಕದವರು ತೆಗೆದುಕೊಡುವುದು ಅಲ್ಲಿನ ರೂಢಿ. ನೀರಿನ ಬಂಬು ಜೋಡಿಸುವ ಅಗ್ನಿಶಾಮಕದ ಕೊಳವೆ ಯಾರ ಮನೆಯ ಮುಂದಿರುತ್ತದೆಯೋ ಅವರು ಅದರ ಸುತ್ತಲ ಹಿಮವನ್ನೂ ಬಿಡಿಸಿ ಇಡುತ್ತಾರೆ.

ಮೊದಲ ಸಲ ಹೋದಾಗ ಒಂದು ರಾತ್ರಿ ನನಗೆ ಎಚ್ಚರವಾಗಿದ್ದು ಸದ್ದಿನಿಂದಲ್ಲ, ಸದ್ದೇ ಇಲ್ಲದ್ದರಿಂದ. ಬೀದಿದೀಪದ ಬೆಳಕು ಹಿಮದ ಮೇಲೆ ಪ್ರತಿಫಲಿಸಿ ಕೋಣೆಯೆಲ್ಲ ಬೆಳದಿಂಗಳಾಗಿತ್ತು. ಬೆಳಿಗ್ಗೆ ನೋಡಿದರೆ ನಮ್ಮ ಮೆಟ್ಟಿಲಿನಿಂದ ರಸ್ತೆಯವರೆಗೆ ಒಬ್ಬರು ನಡೆಯುವಷ್ಟು ದಾರಿಯನ್ನು ಯಾರೋ ಆಗಲೇ ಕಡಿದಿದ್ದರು. ಪಕ್ಕದ ಮನೆಯ ಹಿರಿಯರು, ಎಪ್ಪತ್ತರ ಮೇಲಿನವರು, ಹಿಮ ಎರಚುವ ಯಂತ್ರ ಇಟ್ಟುಕೊಂಡಿದ್ದರು. ನಾನು ಆ ಸಂಜೆ ಬಿಸಿ ಮಿರ್ಚಿ ಕರಿದು, ಒಗ್ಗರಣೆ ಮಂಡಕ್ಕಿಯ ಜೊತೆ ಒಂದು ಡಬ್ಬಿ ಕೊಟ್ಟು ಕಳಿಸಿದೆ. ಎರಡು ದಿನ ಬಿಟ್ಟು ಅದೇ ಡಬ್ಬಿಯ ತುಂಬ ಬಟಾಣಿಯ ಗಟ್ಟಿ ಸಾರು ಬಂತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಮಾರ್ಚ್ ತಿಂಗಳವರೆಗೂ ಡಬ್ಬಿ ಆ ಕಡೆ ಈ ಕಡೆ ಓಡಾಡುತ್ತಲೇ ಇತ್ತು.

ಆದ್ದರಿಂದ ಇಂದೇ ಮಗಳನ್ನು ಒಂದು ಮಾತು ಕೇಳಿ: ಎಡಗಡೆಯ ಮನೆ, ಬಲಗಡೆಯ ಮನೆ, ಎದುರು ಮನೆಯವರ ಫೋನ್ ಸಂಖ್ಯೆ ಅವಳ ಬಳಿ ಇದೆಯೇ? ಇಲ್ಲದಿದ್ದರೆ ಮುಂದಿನ ಭಾರಿ ಹಿಮ ಬೀಳುವ ಮುನ್ನವೇ ಹೋಗಿ ತೆಗೆದುಕೊಳ್ಳಲಿ.

ಇನ್ನು ಒಳಗಿನ ಸಂಗತಿ. ಹೀಟರಿನಿಂದ ಮನೆಯ ಗಾಳಿ ತೀರ ಒಣಗಿ ತುಟಿ, ಹಿಮ್ಮಡಿ ಒಡೆಯುತ್ತವೆ, ಕೆಲವರಿಗೆ ಮೂಗಿನಲ್ಲಿ ರಕ್ತವೂ ಬರುತ್ತದೆ. ಮಲಗುವ ಕೋಣೆಗೆ ತೇವ ಕೊಡುವ ಸಣ್ಣ ಯಂತ್ರವೊಂದು ಬೇಕು. ನಮ್ಮೂರಿನಲ್ಲಿ ಮಳೆಗಾಲಕ್ಕೆ ಅರ್ಧ ಗಂಟೆಯಲ್ಲಿ ಮೆತ್ತಗಾಗುವ ಮಂಡಕ್ಕಿ ಅಲ್ಲಿ ತೆರೆದಿಟ್ಟರೂ ದಿನಗಟ್ಟಲೆ ಗರಿಗರಿಯಾಗಿರುತ್ತದೆ ಎಂದರೆ ಒಣಹವೆ ಎಷ್ಟೆಂದು ತಿಳಿಯುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಗಟ್ಟಿಯಾಗುವುದರಿಂದ, ಮಗುವಿಗೆ ಹಚ್ಚುವ ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೊಳ್ಳಬೇಕು. ದೋಸೆ ಹಿಟ್ಟು ಅಡುಗೆಕಟ್ಟೆಯ ಮೇಲೆ ಎರಡು ದಿನ ಇಟ್ಟರೂ ಹುಳಿ ಬರುವುದಿಲ್ಲ. ಒಲೆ ಹಚ್ಚದೆ ಓವನ್ನಿನ ದೀಪವನ್ನಷ್ಟೇ ಹಾಕಿ ಒಳಗಿಟ್ಟರೆ ಬೆಳಗಾಗುವುದರೊಳಗೆ ಉಬ್ಬುತ್ತದೆ. ಬಾಣಂತಿಗೆ ಸಾಂಬ್ರಾಣಿ ಹೊಗೆ ಹಾಕುವ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ. ಕಿಟಕಿ ತೆರೆಯಲಾಗದ ಮನೆಯಲ್ಲಿ ಹೊಗೆ ಕಂಡೊಡನೆ ಕೂಗುವ ಗಂಟೆ ಬಡಿದು ಮಗು ಬೆಚ್ಚಿಬೀಳುವುದಷ್ಟೇ ಅಲ್ಲ, ಆ ಹೊಗೆ ಎಳೆಯ ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಸೀರೆಯ ಬಗ್ಗೆಯೂ ಹೇಳಬೇಕು. ರಸ್ತೆಗೆ ಹಾಕಿದ ಉಪ್ಪಿನ ನೀರು ತಾಗಿ ನನ್ನ ಸೀರೆಯ ಅಂಚು ಒಣಗಿದ ಮೇಲೆ ಬಿಳಿಗಟ್ಟಿ ರಟ್ಟಿನಂತೆ ಬಿರುಸಾಗಿತ್ತು. ಹೊರಗೆ ಹೋಗುವಾಗ ತಂಗಿ ಸಂಕೋಚಪಡದೆ ಪ್ಯಾಂಟು ಹಾಕಿಕೊಳ್ಳಲಿ.

ಮಾಜಿ ಯೋಧ, ಚಿತ್ರದುರ್ಗ:

ಅಕ್ಕನವರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಅಮೆರಿಕ ನೋಡಿಲ್ಲ; ಸೇನೆಯಲ್ಲಿದ್ದಾಗ ಎರಡು ಚಳಿಗಾಲ ಕಾಶ್ಮೀರದ ಕುಪ್ವಾರ ಕಡೆ, ಒಂದು ಚಳಿಗಾಲ ದ್ರಾಸ್‌ನಲ್ಲಿ ಕಳೆದಿದ್ದೇನೆ. ಕಾಶ್ಮೀರಿಗಳು ಡಿಸೆಂಬರ್ 21ರಿಂದ ನಲವತ್ತು ದಿನಗಳನ್ನು ಚಿಲ್ಲೈ ಕಲಾನ್ ಎಂದು ಕರೆಯುತ್ತಾರೆ. ಆಮೇಲೆ ಇಪ್ಪತ್ತು ದಿನ, ಮತ್ತೆ ಹತ್ತು ದಿನ ಚಳಿ ಹಂತ ಹಂತವಾಗಿ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಬೇಸಿಗೆಯಲ್ಲಿ ಒಣಗಿಸಿಟ್ಟ ಬದನೆ, ಟೊಮೇಟೊ, ಸೋರೆಕಾಯಿ ಹೋಳುಗಳನ್ನು ಆ ದಿನಗಳಿಗೆಂದೇ ಕಾದಿಡುತ್ತಾರೆ. ನಾವು ಸಂಡಿಗೆ, ಬಾಳಕದ ಮೆಣಸಿನಕಾಯಿ ಒಣಗಿಸಿಟ್ಟ ಹಾಗೆಯೇ.

ಮೇಷ್ಟ್ರೇ, ನೀವು ಸಲಿಕೆ ಹಿಡಿಯುವ ವಿಚಾರಕ್ಕೆ ಬರುತ್ತೇನೆ. ದಯವಿಟ್ಟು ಬೇಡ. ಹೊಸದಾಗಿ ಬಿದ್ದ ಹಿಮ ಹತ್ತಿಯಂತೆ ಕಾಣುತ್ತದೆ, ಆದರೆ ಅದರ ಒಂದು ಘನ ಮೀಟರ್ ಸುಮಾರು 50ರಿಂದ 100 ಕಿಲೋ ತೂಗುತ್ತದೆ. ನೀರು ಹೀರಿ ಒತ್ತಿಕೊಂಡ ಹಿಮವಾದರೆ 300 ಕಿಲೋ ದಾಟಬಹುದು. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ, ಅದೇ ಹೊತ್ತಿನಲ್ಲಿ ತೋಳು ಎತ್ತಿ ಭಾರ ಎಸೆಯುವುದರಿಂದ ಹೃದಯಕ್ಕೆ ಇನ್ನಷ್ಟು ರಕ್ತ ಬೇಕಾಗುತ್ತದೆ. ಎರಡೂ ಕೂಡಿದಾಗ ನಿಮ್ಮ ವಯಸ್ಸಿನವರಿಗೆ ಹೃದಯಾಘಾತವಾಗುವ ಅಪಾಯ ದೊಡ್ಡದು. ರಸ್ತೆಯ ಹಿಮ ತಳ್ಳುವ ಸರ್ಕಾರಿ ಲಾರಿ ನಿಮ್ಮ ಗೇಟಿನ ಬಾಯಿಗೆ ಒಂದು ದಿಬ್ಬವನ್ನು ತಂದು ಹಾಕಿ ಹೋಗುತ್ತದೆ. ಅದು ಎಲ್ಲಕ್ಕಿಂತ ಭಾರ. ನಮ್ಮ ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳದ ಚೀಲ ಎತ್ತುವ ಹಮಾಲರಿಗೆ ದಿನದಿನದ ಅಭ್ಯಾಸವಿರುತ್ತದೆ, ನಮಗೆ ಇರುವುದಿಲ್ಲ. ಮೆಟ್ಟಿಲಿನ ಮೇಲಿನ ಹಗುರ ಹಿಮವನ್ನು ಪೊರಕೆಯಿಂದ ತಳ್ಳುವುದು ಸಾಕು, ಅದನ್ನೂ ಎತ್ತಿ ಎಸೆಯದೆ ತಳ್ಳಬೇಕು.

ಎರಡನೆಯದು, ಮನೆಯ ಹೊರಗೋಡೆಯಲ್ಲಿ ಹೀಟರಿನ ಹೊಗೆ ಹೊರಹೋಗುವ ಕೊಳವೆ ಇರುತ್ತದೆ. ಗಾಳಿಗೆ ರಾಶಿಬಿದ್ದ ಹಿಮ ಅದರ ಬಾಯಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಅನಿಲ ಮನೆಯೊಳಗೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಬಂಕರಿನಲ್ಲಿ ಬುಖಾರಿ ಒಲೆ ಹೊತ್ತಿಸಿ ಮಲಗಿದ್ದ ಒಂದು ರಾತ್ರಿ ಕೊಳವೆ ಮುಚ್ಚಿಹೋಗಿ, ಪಹರೆಗೆ ಎದ್ದವನು ತಲೆ ಸುತ್ತಿ ಬಾಗಿಲ ಬಳಿಯೇ ಬಿದ್ದ. ಬಿದ್ದ ರಭಸಕ್ಕೆ ಬಾಗಿಲು ತೆರೆದುಕೊಂಡಿತು. ಆದ್ದರಿಂದ ನಾವು ಐದು ಜನ ಉಳಿದೆವು. ಕೊಳವೆ ಯಾವ ಗೋಡೆಯಲ್ಲಿದೆ ಎಂಬುದನ್ನು ಹೋದ ದಿನವೇ ನೋಡಿಕೊಳ್ಳಿ. ಆ ಅನಿಲವನ್ನು ಗುರುತಿಸಿ ಕೂಗುವ ಗಂಟೆ ಮನೆಯಲ್ಲಿದೆಯೇ, ಕೆಲಸ ಮಾಡುತ್ತಿದೆಯೇ ಎಂದು ಅಳಿಯನಿಂದ ಪರೀಕ್ಷೆ ಮಾಡಿಸಿ. ಹಿಮದಲ್ಲಿ ಹೂತ ಕಾರಿನ ಹೊಗೆಕೊಳವೆಯನ್ನು ಬಿಡಿಸದೆ ಇಂಜಿನ್ ಶುರು ಮಾಡುವುದೂ ಇದೇ ಕಾರಣಕ್ಕೆ ಅಪಾಯ.

ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಜೋಗಿಮಟ್ಟಿಯ ಗಾಳಿಯಲ್ಲಿ ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ಉಷ್ಣಾಂಶ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದು ಗಾಳಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ಮೈಗೆ ಅದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಾಗಿ ತಾಗುತ್ತದೆ. ದಾವಣಗೆರೆ ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರಾದ್ದರಿಂದ ಕೈ ಮೊದಲು ಹತ್ತಿಬಟ್ಟೆಗೇ ಹೋಗುತ್ತದೆ, ಆದರೆ ಹತ್ತಿ ಬನಿಯನ್ನು ಬೆವರು ಹಿಡಿದಿಟ್ಟು ಮೈಯನ್ನು ತಣ್ಣಗಾಗಿಸುತ್ತದೆ. ಮೈಗೆ ತಾಗುವ ಬಟ್ಟೆ ಉಣ್ಣೆಯದ್ದೋ ಪಾಲಿಯೆಸ್ಟರಿನದ್ದೋ ಆಗಿರಲಿ.

ನಿಟ್ಟುವಳ್ಳಿ ಹುಡುಗ, ಈಗ ಟೊರಾಂಟೊ:

ಸರ್, ಹೆರಿಗೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಫಲೋ ಈರಿ ಸರೋವರದ ಪೂರ್ವ ತುದಿಯಲ್ಲಿದೆ. ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ನೈಋತ್ಯದಿಂದ ಶೀತಗಾಳಿ ಉದ್ದಕ್ಕೂ ಹಾದು ಬರುವಾಗ ತೇವ ಹೀರಿಕೊಂಡು, ದಡ ಮುಟ್ಟಿದ ಕೂಡಲೇ ಅದನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಆ ಮೋಡದ ಪಟ್ಟಿ ಕಿರಿದಾಗಿರುವುದರಿಂದ ಒಂದು ಬಡಾವಣೆಯಲ್ಲಿ ಎದೆಯೆತ್ತರ ಹಿಮವಿದ್ದಾಗ ಹತ್ತು ಹದಿನೈದು ಕಿಲೋಮೀಟರ್ ಆಚೆ ಬಿಸಿಲಿರಬಹುದು. 2022ರ ನವೆಂಬರ್‌ನಲ್ಲಿ ದಕ್ಷಿಣದ ಉಪನಗರವಾದ ಆರ್ಚರ್ಡ್ ಪಾರ್ಕ್‌ನಲ್ಲಿ ನಾಲ್ಕು ದಿನಗಳೊಳಗೆ ಸುಮಾರು 80 ಇಂಚು, ಎಂದರೆ ಎರಡು ಮೀಟರ್ ಹಿಮ ಬಿತ್ತು. ಸರೋವರ ಆಳವಿಲ್ಲದ್ದರಿಂದ ಹೆಚ್ಚಿನ ವರ್ಷಗಳಲ್ಲಿ ಫೆಬ್ರುವರಿ ಹೊತ್ತಿಗೆ ಹೆಪ್ಪುಗಟ್ಟುತ್ತದೆ, ಆಗ ಈ ಬಗೆಯ ಹಿಮ ತಗ್ಗುತ್ತದೆ.

ನಿಜವಾಗಿ ಭಯಪಡಬೇಕಾದದ್ದು ಗಾಳಿ ಸೇರಿಕೊಂಡ ಹಿಮಬಿರುಗಾಳಿಗೆ. ಅದೇ ವರ್ಷದ ಡಿಸೆಂಬರ್ 23ರಿಂದ ಬಫಲೋದಲ್ಲಿ 37 ಗಂಟೆಗಳ ಕಾಲ ಅದು ಬಿಡದೆ ಬೀಸಿತು. ಆಂಬುಲೆನ್ಸುಗಳೇ ದಾರಿಯಲ್ಲಿ ಹೂತುಹೋದವು, 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕಾರಿನಲ್ಲಿ ಸಿಲುಕಿದವರೂ ಇದ್ದರು, ಮನೆಯೊಳಗೆ ಬಿಸಿಯಿಲ್ಲದೆ ಹೋದವರೂ ಇದ್ದರು, ಸಲಿಕೆ ಹಿಡಿದು ಬಿದ್ದವರೂ ಇದ್ದರು. ಆದರೆ ಇಂಥ ಬಿರುಗಾಳಿಯ ಮುನ್ಸೂಚನೆ ಎರಡು ಮೂರು ದಿನ ಮೊದಲೇ ಬರುತ್ತದೆ. ದಿನ ಹತ್ತಿರವಾದ ಗರ್ಭಿಣಿ ಮನೆಯಲ್ಲಿದ್ದರೆ ಮುನ್ಸೂಚನೆ ಬಂದ ದಿನವೇ ವೈದ್ಯರಿಗೆ ಫೋನ್ ಮಾಡಿ, ಆಸ್ಪತ್ರೆಯ ಹತ್ತಿರ ಹೋಗಿ ಇರಬೇಕೇ ಎಂದು ಕೇಳಬೇಕು. ನೋವು ಬಂದ ಮೇಲೆ ದಾರಿ ಮುಚ್ಚಿದ್ದರೆ ಸ್ವಂತ ಕಾರಿನಲ್ಲಿ ಹೊರಡುವ ಸಾಹಸ ಬೇಡ; ಅಲ್ಲಿನ ತುರ್ತು ಸಂಖ್ಯೆಯಾದ 911ಕ್ಕೆ ಕರೆ ಮಾಡಿ, ಅವರು ಹೇಳಿದಂತೆ ಮಾಡಿ. ಅಜ್ಜಿ ಹೇಳಿದ ಫೋನ್ ಸಂಖ್ಯೆಗಳು ಆಗಲೂ ಬೇಕಾಗುತ್ತವೆ, ಏಕೆಂದರೆ ಆಂಬುಲೆನ್ಸ್ ರಸ್ತೆಗೆ ಬಂದರೂ ಬಾಗಿಲಿನಿಂದ ರಸ್ತೆಯವರೆಗೆ ದಾರಿ ಬಿಡಿಸುವವರು ಅಕ್ಕಪಕ್ಕದವರೇ.

ಮಗುವನ್ನು ಆಸ್ಪತ್ರೆಯಿಂದ ಕರೆತರುವಾಗ ದಪ್ಪ ಕೋಟು ಹಾಕಿ ಕಾರಿನ ಆಸನಕ್ಕೆ ಬಿಗಿಯಬೇಡಿ. ಕೋಟು ಅದುಮಿಕೊಂಡು ಪಟ್ಟಿ ಸಡಿಲವಾಗುತ್ತದೆ. ತೆಳು ಬಟ್ಟೆಯ ಮೇಲೆ ಪಟ್ಟಿ ಬಿಗಿದು, ಅದರ ಮೇಲೆ ಕಂಬಳಿ ಹೊದಿಸಬೇಕು. ಇನ್ನೊಂದು ಸಣ್ಣ ಮಾತು: ಸೊನ್ನೆಗಿಂತ ಸುಮಾರು 9 ಡಿಗ್ರಿ ಕೆಳಗಿಳಿದರೆ ಮಾಮೂಲಿ ಉಪ್ಪಿಗೆ ಮಂಜುಗಡ್ಡೆ ಸರಿಯಾಗಿ ಕರಗುವುದಿಲ್ಲ, ಆ ದಿನಗಳಲ್ಲಿ ಮೆಟ್ಟಿಲಿಗೆ ಮರಳು ಎರಚಿ.

ವಿದ್ಯಾನಗರದ ಮೇಷ್ಟ್ರು:

ಅಕ್ಕನವರಿಗೂ, ಯೋಧರಿಗೂ, ನಿಟ್ಟುವಳ್ಳಿಯ ತಮ್ಮನಿಗೂ ಮನಸಾರೆ ವಂದನೆಗಳು. ನಿನ್ನೆ ರಾತ್ರಿ ಇದೆಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಎರಡು ವರ್ಷ ಆ ಬೀದಿಯಲ್ಲಿದ್ದರೂ ಅವಳ ಬಳಿ ಒಬ್ಬ ನೆರೆಯವರ ಸಂಖ್ಯೆಯೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಲಸದ ಗಡಿಬಿಡಿಯಲ್ಲಿ ಆಗಲೇ ಇಲ್ಲ ಅಪ್ಪಾ ಎಂದಳು. ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅವಳ ಸಂದೇಶ ಬಂದಿತ್ತು. ಅಲ್ಲಿನ ಸಂಜೆ ಅಳಿಯನೊಂದಿಗೆ ರವೆ ಉಂಡೆ ತೆಗೆದುಕೊಂಡು ಎರಡೂ ಪಕ್ಕದ ಮನೆಗಳಿಗೆ ಹೋಗಿಬಂದಳಂತೆ. ಬಲಗಡೆಯ ಮನೆಯಲ್ಲಿ ಹಿಮ ಎರಚುವ ಯಂತ್ರವಿದೆ. ಹೆರಿಗೆಯ ದಿನ ಯಾವುದೆಂದು ಆ ಮನೆಯ ಯಜಮಾನಿ ತಾವಾಗಿಯೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರಂತೆ. ಹೊಗೆಕೊಳವೆ ಹಿತ್ತಿಲ ಕಡೆಯ ಗೋಡೆಯಲ್ಲಿ, ನೆಲದಿಂದ ಎರಡಡಿ ಎತ್ತರದಲ್ಲಿದೆ ಎಂದು ಫೋಟೊ ಕಳಿಸಿದ್ದಾಳೆ.

ಸಲಿಕೆಯ ಆಸೆ ಬಿಟ್ಟಿದ್ದೇನೆ. ನಮ್ಮ ಮನೆಯವರು ಒಂದು ಕೇಳಲು ಹೇಳಿದ್ದಾರೆ: ಅಕ್ಕಾ, ಆ ನೆರೆಯವರಿಗೆ ಮಿರ್ಚಿಯ ಖಾರ ತಡೆಯಿತೇ?

ಹೊಳಲ್ಕೆರೆ ರಸ್ತೆಯ ಅಜ್ಜಿ:

ಮೊದಲ ಸಲ ಕಣ್ಣಲ್ಲಿ ನೀರು ಬಂತಂತೆ, ತಂಗಿ. ಎರಡನೇ ಸಲದಿಂದ ಬೀಜ ತೆಗೆದು, ಒಳಗೆ ಹುಣಸೆಹಣ್ಣು ಬೆಲ್ಲ ಸವರಿ ಕರಿದೆ. ಜೀರಿಗೆ, ಓಂಕಾಳು ಇಲ್ಲಿಂದಲೇ ಸ್ವಲ್ಪ ತೆಗೆದುಕೊಂಡು ಹೋಗು.