ಐದು ದಿನದಲ್ಲಿ ಪ್ರಾಡಕ್ಟ್ ಓನರ್ ಇಂಟರ್‌ವ್ಯೂ: ಅಜೈಲ್ ಎಲ್ಲಿಂದ ಶುರು ಮಾಡಲಿ?

ಹೊಸ_ಹೆಜ್ಜೆ:
ಪ್ರಾಡಕ್ಟ್ ಓನರ್ (ಪಿಒ, ಏನನ್ನು ಮೊದಲು ತಯಾರಿಸಬೇಕು ಎಂದು ತೀರ್ಮಾನಿಸುವವರು) ಕೆಲಸಕ್ಕೆ ಇಂಟರ್‌ವ್ಯೂ ಇದೆ. ಉಳಿದಿರುವುದು ಐದು ದಿನ, ದಿನಕ್ಕೆ ಎರಡು ಗಂಟೆ ಸಿಗಬಹುದು. ಬಿಸಿನೆಸ್ ಅನಲಿಸ್ಟ್ (ಬಿಎ) ಆಗಿ ರಿಕ್ವೈರ್‌ಮೆಂಟ್ ಬರೆಯುವ ಕೆಲಸ ಗೊತ್ತು, ಸ್ಕ್ರಮ್ (ತುಸುತುಸುವಾಗಿ ಕಟ್ಟುತ್ತ ಬದಲಾವಣೆಗೆ ಒಗ್ಗುವ ಅಜೈಲ್ ರೀತಿಯ ಒಂದು ಪದ್ಧತಿ) ಟೀಮಿನಲ್ಲಿ ಇದ್ದಿಲ್ಲ. ವಿಡಿಯೊ ನೋಡಿದರೆ ಒಬ್ಬೊಬ್ಬರದು ಒಂದೊಂದು ರಾಗ. ಏನು ಓದಲಿ, ಏನು ಬಿಡಲಿ? ಸರ್ಟಿಫಿಕೇಟ್ ಇಲ್ಲದಿದ್ದರೆ ಕಷ್ಟವೇ?

ಬ್ಯಾಕ್‌ಲಾಗ್_ಭಟ್ಟ:
ವಿಡಿಯೊ ಬದಿಗಿಡಿ. ಮೊದಲ ದಿನ ಸ್ಕ್ರಮ್‌ನ ಅಧಿಕೃತ ಕೈಪಿಡಿ ‘ಸ್ಕ್ರಮ್ ಗೈಡ್’ ಒಂದನ್ನೇ ಓದಿ, 2020ರ ಆವೃತ್ತಿ. ಹದಿಮೂರೇ ಪುಟ, ಪುಕ್ಕಟೆ ಸಿಗುತ್ತದೆ. ಒಮ್ಮೆ ಸುಮ್ಮನೆ ಓದಿ, ಇನ್ನೊಮ್ಮೆ ‘ಪ್ರಾಡಕ್ಟ್ ಓನರ್’ ಎಂದು ಬಂದಲ್ಲೆಲ್ಲ ಗೆರೆ ಎಳೆಯುತ್ತ ಓದಿ. ಎಲ್ಲರೂ ಸ್ಕ್ರಮ್ ನಿಯಮ ಎಂದುಕೊಂಡಿರುವ ಎಷ್ಟೋ ಸಂಗತಿ ಅದರಲ್ಲಿ ಇಲ್ಲವೇ ಇಲ್ಲ ಎಂದು ಆಗ ತಿಳಿಯುತ್ತದೆ. ಯೂಸರ್ ಸ್ಟೋರಿ (ಬಳಕೆದಾರನ ಮಾತಿನಲ್ಲಿ ಬರೆದ ಬೇಡಿಕೆ), ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರದ ಅಂದಾಜು), ವೆಲಾಸಿಟಿ (ಒಂದು ಅವಧಿಯಲ್ಲಿ ಮುಗಿಯುವ ಪಾಯಿಂಟ್), ಮೂರೂ ಇಲ್ಲ. ಅವೆಲ್ಲ ಟೀಮುಗಳ ರೂಢಿ.

ನೆನಪಿಡಬೇಕಾದ ಅಂಕಿ ಕಡಿಮೆ. ಸ್ಪ್ರಿಂಟ್ ಎಂದರೆ ಕೆಲಸದ ಒಂದು ನಿಗದಿತ ಅವಧಿ. ಒಂದು ತಿಂಗಳ ಸ್ಪ್ರಿಂಟಿಗೆ ಪ್ಲ್ಯಾನಿಂಗ್ ಹೆಚ್ಚೆಂದರೆ 8 ಗಂಟೆ, ರಿವ್ಯೂ (ಮುಗಿದದ್ದನ್ನು ಸಂಬಂಧಪಟ್ಟವರ ಜೊತೆ ನೋಡುವುದು) 4, ರೆಟ್ರೊ (ಕೆಲಸದ ರೀತಿ ಸುಧಾರಿಸುವ ಚರ್ಚೆ) 3. ಡೈಲಿ ಸ್ಕ್ರಮ್ ಮಾತ್ರ ಸ್ಪ್ರಿಂಟ್ ಎಷ್ಟೇ ಉದ್ದವಿರಲಿ 15 ನಿಮಿಷ. ಮೂರು ಜೋಡಿ ಗೊತ್ತಿರಲಿ: ಪ್ರಾಡಕ್ಟ್ ಬ್ಯಾಕ್‌ಲಾಗ್‌ಗೆ (ಮಾಡಬೇಕಾದ ಕೆಲಸಗಳ ಪಟ್ಟಿ) ಪ್ರಾಡಕ್ಟ್ ಗೋಲ್, ಸ್ಪ್ರಿಂಟ್ ಬ್ಯಾಕ್‌ಲಾಗ್‌ಗೆ (ಈ ಸ್ಪ್ರಿಂಟಿಗೆ ಆರಿಸಿದ್ದು) ಸ್ಪ್ರಿಂಟ್ ಗೋಲ್, ಇಂಕ್ರಿಮೆಂಟ್‌ಗೆ (ಬಳಸಬಹುದಾದ ಮುಗಿದ ಭಾಗ) ಡೆಫಿನಿಷನ್ ಆಫ್ ಡನ್ (ಯಾವಾಗ ಮುಗಿದಂತೆ ಎಂಬ ಒಪ್ಪಂದ). ಈ ಜೋಡಿಗಳನ್ನು ಅದಲುಬದಲು ಮಾಡುವವರು ಬಹಳ. ರಿಫೈನ್‌ಮೆಂಟ್ (ಬ್ಯಾಕ್‌ಲಾಗ್ ಐಟಮ್‌ಗಳನ್ನು ಒಡೆದು ಸ್ಪಷ್ಟಗೊಳಿಸುವುದು) ಐದು ಇವೆಂಟ್‌ಗಳಲ್ಲಿ (ಮೇಲಿನ ನಾಲ್ಕು ಮತ್ತು ಸ್ಪ್ರಿಂಟ್) ಸೇರಿಲ್ಲ, ಅದು ನಡೆಯುತ್ತಲೇ ಇರುವ ಕೆಲಸ.

ಅಜೈಲ್ ಮ್ಯಾನಿಫೆಸ್ಟೊ (2001) ಒಂದು ಪುಟ, ಬಾಯಿಪಾಠ ಬೇಡ. ಆದರೆ ಡಾಕ್ಯುಮೆಂಟೇ ಬೇಡ ಎಂದು ಅದು ಹೇಳುವುದಿಲ್ಲ, ನಡೆಯುವ ಸಾಫ್ಟ್‌ವೇರಿಗೆ ಹೆಚ್ಚು ತೂಕ ಕೊಡುತ್ತದೆ ಅಷ್ಟೆ. ಬಿಎ ಹಿನ್ನೆಲೆಯವರನ್ನು ಇಲ್ಲೇ ಕೆಣಕುತ್ತಾರೆ.

ತುಂಡು_ಕಥೆ:
ಮೇಲಿನದು ಮೊದಲ ದಿನಕ್ಕೆ ಸರಿ. ಉಳಿದ ನಾಲ್ಕು ದಿನ ಓದಬೇಡಿ, ಬರೆಯಿರಿ. ಇಂಟರ್‌ವ್ಯೂನಲ್ಲಿ ವ್ಯಾಖ್ಯೆ ಕೇಳುವುದು ಐದು ನಿಮಿಷ. ಆಮೇಲೆಲ್ಲ ‘ಇದನ್ನು ಹೇಗೆ ಒಡೆಯುತ್ತೀರಿ, ಯಾವುದು ಮೊದಲು, ಯಾಕೆ’ ಎಂಬುದೇ.

ದಿನಾ ಬಳಸುವ ಒಂದು ಆ್ಯಪ್ ಹಿಡಿದು ಅದಕ್ಕೆ ಹದಿನೈದು ಐಟಮ್‌ಗಳ ಬ್ಯಾಕ್‌ಲಾಗ್ ಮಾಡಿ. ಟಿಕೆಟ್ ಬುಕಿಂಗ್ ಆ್ಯಪ್ ಎನ್ನೋಣ. ‘ಪ್ರಯಾಣಿಕನಾಗಿ, ಯೋಜನೆ ಬದಲಾದರೆ ಹಣ ಕಳೆದುಕೊಳ್ಳದಿರಲು, ಟಿಕೆಟ್ ರದ್ದು ಮಾಡಬೇಕು.’ ಇದು ಒಂದು ಸ್ಪ್ರಿಂಟಿಗೆ ದೊಡ್ಡದು. ಬಿಎಗಳು ಇದನ್ನು ಸ್ಕ್ರೀನ್ ಒಂದು, ಎಪಿಐ ಒಂದು, ಡೇಟಾಬೇಸ್ ಒಂದು ಎಂದು ಅಡ್ಡಡ್ಡ ಕತ್ತರಿಸುತ್ತಾರೆ. ತಪ್ಪು, ಯಾಕೆಂದರೆ ಮೂರೂ ಮುಗಿಯುವ ತನಕ ಬಳಕೆದಾರನಿಗೆ ಏನೂ ದಕ್ಕುವುದಿಲ್ಲ, ರಿವ್ಯೂನಲ್ಲಿ ತೋರಿಸಲೂ ಏನೂ ಇರುವುದಿಲ್ಲ. ಉದ್ದುದ್ದ ಸೀಳಿ: ಮೊದಲು ಒಬ್ಬನೇ ಪ್ರಯಾಣಿಕ, ಪೂರ್ತಿ ಹಣ ವಾಪಸ್. ಆಮೇಲೆ ತಡವಾಗಿ ರದ್ದಾದರೆ ಕಡಿತ. ನಾಲ್ವರಲ್ಲಿ ಇಬ್ಬರದು ಮಾತ್ರ ರದ್ದು ಕೊನೆಗೆ.

ಮೊದಲ ತುಂಡಿನ ಅಕ್ಸೆಪ್ಟೆನ್ಸ್ ಕ್ರೈಟೀರಿಯಾ (ಒಪ್ಪಿಕೊಳ್ಳಲು ಪೂರೈಸಬೇಕಾದ ಷರತ್ತು) ಹೀಗಿರಲಿ: ಹೊರಡಲು 24 ಗಂಟೆಗಿಂತ ಹೆಚ್ಚು ಇದ್ದಾಗ ರದ್ದು ಮಾಡಿದರೆ ಕೊಟ್ಟ ಹಣ ಪೂರ್ತಿ ಅದೇ ಖಾತೆಗೆ, ರದ್ದಾದ ಸೀಟು ತಕ್ಷಣ ಬೇರೆಯವರಿಗೆ ಕಾಣಬೇಕು, ಹಣ ವಾಪಸಾತಿ ವಿಫಲವಾದರೆ ಟಿಕೆಟ್ ‘ರದ್ದಾಗಿದೆ, ಹಣ ಬಾಕಿ’ ಎಂದು ತೋರಿಸಬೇಕು. ಮೂರನೆಯದನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಎಲ್ಲ ಸರಿಹೋದಾಗಿನದ್ದನ್ನು ಬರೆದು ಕೈ ತೊಳೆದುಕೊಳ್ಳುತ್ತಾರೆ. ‘ಪುಟ ಬೇಗ ತೆರೆಯಬೇಕು’ ಎಂದೂ ಬರೆಯಬೇಡಿ, ಪರೀಕ್ಷಿಸಲು ಆಗದ ಮಾತು ಅದು. ‘2 ಸೆಕೆಂಡಿನೊಳಗೆ’ ಎನ್ನಿ.

ಕ್ರಮ ಹಾಕಲು ಡಬ್ಲ್ಯುಎಸ್‌ಜೆಎಫ್ (ವೇಯ್ಟೆಡ್ ಶಾರ್ಟೆಸ್ಟ್ ಜಾಬ್ ಫಸ್ಟ್) ಕಲಿಯಿರಿ, ಹತ್ತು ನಿಮಿಷದ ಕೆಲಸ. ತಡವಾದರೆ ಆಗುವ ನಷ್ಟವನ್ನು ಕೆಲಸದ ಗಾತ್ರದಿಂದ ಭಾಗಿಸುವುದು. ರದ್ದತಿ: ನಷ್ಟ 13, ಗಾತ್ರ 8, ಅಂದರೆ ಸುಮಾರು 1.6. ಪ್ರಯಾಣದ ಹಿಂದಿನ ದಿನ ನೆನಪೋಲೆ: 8ನ್ನು 2ರಿಂದ ಭಾಗಿಸಿ 4. ನಷ್ಟ ಕಡಿಮೆಯಾದರೂ ನೆನಪೋಲೆಯೇ ಮೊದಲು ಬಂತು. ಯಾಕೆ ಬಂತು ಎಂದು ವಿವರಿಸಲು ಬಂದರೆ ಸಾಕು.

ಅಡ್ಡಗಾಲು:
ಸೂತ್ರ ಹೇಳಿ ಸುಮ್ಮನಾಗಬೇಡಿ. 13 ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳಿಯೇ ಕೇಳುತ್ತಾರೆ. ಅದು ಐಟಮ್‌ಗಳನ್ನು ಒಂದಕ್ಕೊಂದು ಹೋಲಿಸಿ ಕೊಟ್ಟ ತೂಕ, ಹಣದ ಲೆಕ್ಕವಲ್ಲ. ಗಾತ್ರ ಹೇಳುವವರು ಡೆವಲಪರ್‌ಗಳು, ಪಿಒ ಅಲ್ಲ. ‘ನಾನು ಎಸ್ಟಿಮೇಟ್ ಮಾಡುತ್ತೇನೆ’ ಎಂದರೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಖಾಯಂ ಪ್ರಶ್ನೆ: ಸ್ಪ್ರಿಂಟ್ ಅರ್ಧ ಆದಾಗ ಸೇಲ್ಸ್ ಮುಖ್ಯಸ್ಥರು ಹೊಸ ಫೀಚರ್ ಈಗಲೇ ಬೇಕೆಂದರೆ? ‘ಸ್ಪ್ರಿಂಟ್ ಮಧ್ಯೆ ಏನೂ ಬದಲಾಯಿಸುವಂತಿಲ್ಲ’ ಎಂಬುದು ತಪ್ಪು ಉತ್ತರ. ಗೈಡ್ ತಡೆಯುವುದು ಸ್ಪ್ರಿಂಟ್ ಗೋಲ್‌ಗೆ ಅಪಾಯ ತರುವ ಬದಲಾವಣೆಯನ್ನು. ಹೀಗೆ ಹೇಳಿ: ಯಾಕೆ ಈಗಲೇ ಬೇಕು, ತಡವಾದರೆ ಏನು ಹೋಗುತ್ತದೆ ಎಂದು ಮೊದಲು ಕೇಳುತ್ತೇನೆ. ಗೋಲ್‌ಗೆ ಧಕ್ಕೆ ಇಲ್ಲದಿದ್ದರೆ ಏನು ತೆಗೆದು ಇದನ್ನು ಒಳಗೆ ತರಬಹುದು ಎಂದು ಡೆವಲಪರ್‌ಗಳ ಜೊತೆ ಮಾತಾಡುತ್ತೇನೆ. ಧಕ್ಕೆ ಇದ್ದರೆ ಬ್ಯಾಕ್‌ಲಾಗ್‌ಗೆ. ಗೋಲ್‌ಗೇ ಅರ್ಥ ಉಳಿಯದಿದ್ದರೆ ಸ್ಪ್ರಿಂಟ್ ರದ್ದು ಮಾಡಬಹುದು, ಆ ಅಧಿಕಾರ ಪಿಒಗೆ ಮಾತ್ರ.

ರಿವ್ಯೂವನ್ನು ‘ಡೆಮೊ ಕೊಟ್ಟು ಸೈನ್‌ಆಫ್ ತೆಗೆದುಕೊಳ್ಳುವ ಸಭೆ’ ಎಂದೂ ಹೇಳಬೇಡಿ. ಮುಗಿದ ಕೆಲಸವನ್ನು ರಿವ್ಯೂಗೆ ಕಾಯದೆ ಬಿಡುಗಡೆ ಮಾಡಬಹುದು.

ಹೊಸ_ಹೆಜ್ಜೆ:
ತುಂಬಾ ಉಪಕಾರ. ‘ಯಾವಾಗ ಮುಗಿಯುತ್ತದೆ’ ಎಂದು ಕೇಳಿದರೆ ಏನು ಹೇಳುವುದು? ಸರ್ಟಿಫಿಕೇಟ್ ವಿಷಯ ಯಾರೂ ಹೇಳಲಿಲ್ಲ. ಬಿಎ ಅನುಭವವನ್ನೇ ಪಿಒ ಎಂದು ತೋರಿಸಿದರೆ ನಡೆಯುತ್ತದಾ?

ಬ್ಯಾಕ್‌ಲಾಗ್_ಭಟ್ಟ:
ಕೊನೆಯದಕ್ಕೆ ಮೊದಲು ಉತ್ತರ: ಬೇಡ. ‘ಯಾವ ಐಟಮ್‌ಗೆ ಬೇಡ ಅಂದಿರಿ, ಯಾರಿಗೆ ಸಿಟ್ಟು ಬಂತು’ ಎಂದು ಎರಡು ಪ್ರಶ್ನೆ ಬಿದ್ದರೆ ಬಣ್ಣ ಬಯಲು. ಬಿಎ ಆಗಿದ್ದೆ, ತೀರ್ಮಾನ ಬೇರೆಯವರದಾಗಿತ್ತು, ನನ್ನ ಕೈಲಿದ್ದಿದ್ದರೆ ಇದನ್ನು ಮೊದಲು ಮಾಡುತ್ತಿದ್ದೆ, ಕಾರಣ ಇದು ಎಂದು ನೇರವಾಗಿ ಹೇಳಿ. ಅಂಥ ಎರಡು ಪ್ರಸಂಗ ತಯಾರಿರಲಿ.

‘ಯಾವಾಗ’ಕ್ಕೆ ಒಂದೇ ತಾರೀಖು ಹೇಳಬೇಡಿ, ವ್ಯಾಪ್ತಿ ಹೇಳಿ. ಕಳೆದ ಆರು ಸ್ಪ್ರಿಂಟ್‌ಗಳಲ್ಲಿ ಮುಗಿದದ್ದು 18, 22, 15, 20, 24, 21 ಪಾಯಿಂಟ್ ಎನ್ನೋಣ. ಸರಾಸರಿ 20. ಉಳಿದದ್ದು 120 ಪಾಯಿಂಟ್ ಆದರೆ ಸರಾಸರಿಯಲ್ಲಿ 6 ಸ್ಪ್ರಿಂಟ್, ಕೆಟ್ಟ ಗತಿಯಲ್ಲಿ 8, ಒಳ್ಳೆಯ ಗತಿಯಲ್ಲಿ 5. ಎರಡು ವಾರದ ಸ್ಪ್ರಿಂಟಾದರೆ 10ರಿಂದ 16 ವಾರ. ಬ್ಯಾಕ್‌ಲಾಗ್ ಬೆಳೆದರೆ ಇದೂ ಬೆಳೆಯುತ್ತದೆ ಎಂದು ಸೇರಿಸಿ. ಈ ಅಂಕಿ ಹಿಡಿದು ಎರಡು ಟೀಮುಗಳನ್ನು ಹೋಲಿಸಬಾರದು, ಒಂದು ಟೀಮಿನ 5 ಇನ್ನೊಂದರ 5 ಅಲ್ಲ.

ಸರ್ಟಿಫಿಕೇಟ್: ಸ್ಕ್ರಮ್ ಡಾಟ್ ಆರ್ಗ್ ಕೊಡುವ ಪಿಎಸ್‌ಪಿಒ ಒಂದನೇ ಹಂತಕ್ಕೆ ತರಗತಿ ಕಡ್ಡಾಯವಲ್ಲ, 60 ನಿಮಿಷ, 80 ಪ್ರಶ್ನೆ, ಪಾಸಾಗಲು 85%. ಸ್ಕ್ರಮ್ ಅಲಯನ್ಸ್ ಕೊಡುವ ಸಿಎಸ್‌ಪಿಒಗೆ ತರಗತಿ ಕಡ್ಡಾಯ, ಪರೀಕ್ಷೆ ಇಲ್ಲ. ಐದು ದಿನದಲ್ಲಿ ಎರಡರ ಗೋಜಿಗೂ ಹೋಗಬೇಡಿ. ಸ್ಕ್ರಮ್ ಡಾಟ್ ಆರ್ಗ್‌ನಲ್ಲಿ ಪ್ರಾಡಕ್ಟ್ ಓನರ್‌ಗೆ ಉಚಿತ ಅಭ್ಯಾಸ ಪರೀಕ್ಷೆ ಇದೆ, ನಾಲ್ಕನೇ ದಿನ ಅದನ್ನು ಮಾಡಿ, ತಪ್ಪಾದ ಪ್ರಶ್ನೆಗಳಿಗೆ ಗೈಡ್‌ನ ಸಾಲು ಹುಡುಕಿ. ಐದನೇ ದಿನ ಆ ಟಿಕೆಟ್ ರದ್ದತಿಯನ್ನೇ ಕಾಗದ ನೋಡದೆ, ಜೋರಾಗಿ, ಹತ್ತು ನಿಮಿಷ ವಿವರಿಸಿ.